ಮುಚ್ಚಿದ ಬಾಗಿಲು ಮತ್ತೆ ತೆರೆದದ್ದು

ಮಕ್ಕಳಿಗೆ ಕಥೆ ಹೇಳುವ ಅಭ್ಯಾಸವಿದ್ದವರಿಗೆ ಒಂದು ಸಂಗತಿ ಗೊತ್ತು. ನಿನ್ನೆಯ ಕಥೆಯನ್ನು ಬಿಟ್ಟು ಇಂದು ಹೊಸದೊಂದನ್ನು ತೆಗೆದರೆ ಮಗುವಿನ ಮುಖ ಸಪ್ಪಗಾಗುತ್ತದೆ. "ಇದು ಬೇಡ, ಅದನ್ನೇ ಹೇಳು" ಎಂದು ಹಟ ಹಿಡಿಯುತ್ತದೆ. ಇಂಥ ಹಟವನ್ನು ಒಂದು ಮನೆಯಲ್ಲಲ್ಲ, ಒಂದು ದೇಶದಲ್ಲೇ ಎದುರಿಸಬೇಕಾಗಿ ಬಂದ ಲೇಖಕ ಅಮೆರಿಕದ ಎಲ್. ಫ್ರಾಂಕ್ ಬಾಮ್.

1900ರಲ್ಲಿ ಅವನ 'ಓಜ್‌ನ ಅದ್ಭುತ ಮಾಂತ್ರಿಕ' ಪ್ರಕಟವಾಯಿತು. ಸುಂಟರಗಾಳಿಗೆ ಸಿಕ್ಕಿ ಕ್ಯಾನ್ಸಸ್ಸಿನ ಬಯಲಿನಿಂದ ಹಾರಿಹೋದ ಡೊರೊತಿ, ಮಿದುಳು ಬೇಡುವ ಬೆದರುಬೊಂಬೆ, ಹೃದಯ ಬೇಡುವ ತಗಡಿನ ಮನುಷ್ಯ, ಧೈರ್ಯ ಬೇಡುವ ಸಿಂಹ—ಇವರೆಲ್ಲ ಮಕ್ಕಳಿಗೆ ಮನೆಯವರೇ ಆಗಿಬಿಟ್ಟರು. ಇನ್ನಷ್ಟು ಬೇಕೆಂದು ಕಾಗದಗಳು ಬಂದವು. ಹತ್ತು ವರ್ಷಗಳಲ್ಲಿ ಓಜ್ ಕಥೆಗಳು ಆರಾದವು.

ಆದರೆ ಬಾಮ್‌ಗೆ ಬೇರೆ ಲೋಕಗಳನ್ನು ಕಟ್ಟುವ ಆಸೆ. 1910ರ ಆರನೆಯ ಕಥೆಯ ಕೊನೆಯಲ್ಲಿ ಓಜ್ ನಾಡನ್ನು ಮಂತ್ರಬಲದಿಂದ ಹೊರಗಿನವರ ಕಣ್ಣಿಗೆ ಮರೆಮಾಡಿ, ಇನ್ನು ಅಲ್ಲಿಂದ ಸುದ್ದಿ ಬಾರದೆಂದು ಬಾಗಿಲು ಹಾಕಿದ. 1911ರಲ್ಲಿ 'ಕಡಲ ಕಿನ್ನರಿಯರು', ಮರುವರ್ಷ 'ಆಕಾಶ ದ್ವೀಪ' ಹೊರಬಂದವು. ಟ್ರಾಟ್ ಎಂಬ ಹುಡುಗಿಯೂ, ಮರದ ಕಾಲಿನ ಮುದಿ ನಾವಿಕ ಬಿಲ್ಲನೂ ಅವುಗಳ ನಾಯಕರು. ಕಲ್ಪನೆಗೆ ಬಡತನವಿರಲಿಲ್ಲ. ಆದರೂ ಅವು ಓಜ್ ಕಥೆಗಳಂತೆ ಮಾರಾಟವಾಗಲಿಲ್ಲ. ಕಾದಿದ್ದ ಮಕ್ಕಳಿಗೆ ಅವು ಓಜ್ ಕಥೆಗಳಲ್ಲ ಎಂಬುದೇ ಕೊರತೆಯಾಯಿತು.

ಕೈಯಲ್ಲಿ ಕಾಸೂ ಇರಲಿಲ್ಲ. 1908ರಲ್ಲಿ ಚಲನಚಿತ್ರ, ಬಣ್ಣದ ಸ್ಲೈಡು, ವಾದ್ಯಮೇಳಗಳನ್ನು ಕೂಡಿಸಿ ತನ್ನ ಕಥೆಗಳ ಪ್ರದರ್ಶನ ನಡೆಸಲು ಹೋಗಿ ಬಾಮ್ ಕೈಸುಟ್ಟುಕೊಂಡಿದ್ದ. 1911ರಲ್ಲಿ ದಿವಾಳಿಯಾದ. ಕೊನೆಗೆ 1913ರಲ್ಲಿ ಏಳನೆಯ ಓಜ್ ಕಥೆ ಬಂತು. ಮುಚ್ಚಿದ ನಾಡಿನ ಸುದ್ದಿ ಸಿಕ್ಕಿದ್ದು ಹೇಗೆ? ನಿಸ್ತಂತು ತಂತಿಯ ಮೂಲಕ ಎಂದು ಮುನ್ನುಡಿಯಲ್ಲಿ ಸಮಾಧಾನ ಹೇಳಿದ!

ಇದನ್ನು ಹೊಟ್ಟೆಪಾಡಿನ ಶರಣಾಗತಿ ಎಂದು ಕರೆಯುವುದು ಸುಲಭ. ಅದರಲ್ಲಿ ನಿಜವೂ ಇದೆ. ಆದರೆ ಮುಂದೆ ನಡೆದದ್ದನ್ನು ನೋಡಿ. ಟ್ರಾಟ್ ಮತ್ತು ಬಿಲ್ಲನನ್ನು ಓಜ್‌ಗೆ ಕರೆತನ್ನಿ ಎಂದು ಮಕ್ಕಳೇ ಕಾಗದ ಬರೆದರು. 1915ರ 'ಓಜ್‌ನ ಬೆದರುಬೊಂಬೆ'ಯಲ್ಲಿ ಬಾಮ್ ಹಾಗೆಯೇ ಮಾಡಿದ. ಎಂದ ಮೇಲೆ, ಹೊಸ ಹುಡುಗಿಯ ಮೇಲೆ ಅವರಿಗೆ ಮುನಿಸಿರಲಿಲ್ಲ. ತಮ್ಮ ಊರಿನ ಬಾಗಿಲು ಮುಚ್ಚಿತಲ್ಲ ಎಂಬ ಸಂಕಟವಿತ್ತು.

ಬಾಮ್‌ಗೆ ಮಾತ್ರ ಮತ್ತೆ ಬಿಡುಗಡೆ ದೊರೆಯಲಿಲ್ಲ. ವರ್ಷಕ್ಕೊಂದರಂತೆ ಓಜ್ ಕಥೆ ಬರೆಯುತ್ತಲೇ 1919ರಲ್ಲಿ ತೀರಿಕೊಂಡ. ಹದಿನಾಲ್ಕನೆಯದು ಅವನು ಹೋದ ಮೇಲೆ, 1920ರಲ್ಲಿ ಅಚ್ಚಾಯಿತು. ಓದುಗರ ಪ್ರೀತಿಗೆ ಲೇಖಕ ತೆರುವ ಕಂದಾಯ ಇದು. ಮೆಚ್ಚಿದ ಲೇಖಕನ ಹೊಸ ಪುಸ್ತಕ ನಮಗೆ ಸಪ್ಪೆ ಎನಿಸಿದಾಗ, ಪುಸ್ತಕವೇ ಕೆಟ್ಟದೋ, ಇಲ್ಲ ನಾವು ಕಾದಿದ್ದ ಪುಸ್ತಕ ಅದಲ್ಲವೋ ಎಂದು ಒಮ್ಮೆ ಕೇಳಿಕೊಳ್ಳುವುದು ಲೇಸು.