ದತ್ತವಾದುದು ಸ್ವತ್ತಾಗುವ ಬಗೆ

ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯವರಿಗೆ ಚಿರಪರಿಚಿತವಾದ ಪ್ರಶ್ನೆಯೊಂದುಂಟು: ಸರ್ಕಾರವು ಬಡವನಿಗೆ ಮಂಜೂರು ಮಾಡಿದ ಜಮೀನನ್ನು ಅವನು ಮಾರಬಹುದೇ? ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಷರತ್ತು ಮೀರಿಯೋ ಸರ್ಕಾರದ ಅನುಮತಿಯಿಲ್ಲದೆಯೋ ಮಾರಿದರೆ ಆ ಕ್ರಯ ಅಸಿಂಧುವೆಂದು ಕರ್ನಾಟಕದ ೧೯೭೮ರ ಪರಭಾರೆ ನಿಷೇಧ ಅಧಿನಿಯಮವು ವಿಧಿಸಿತು. ೧೯೮೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೊಟ್ಟದ್ದು ಜೀವನಾಧಾರಕ್ಕೇ ಹೊರತು ವ್ಯಾಪಾರಕ್ಕಲ್ಲವೆಂಬುದು ಅದರ ತಿರುಳು.

ಇದೇ ಪ್ರಶ್ನೆ ಕಣ್ಣಿಗೆ ಕಾಣದ ಇನ್ನೊಂದು ಹೊಲದಲ್ಲಿಯೂ ಎದ್ದಿತು. ಅಂತರ್ಜಾಲವನ್ನು ಸೇರುವ ಗಣಕಯಂತ್ರಗಳಿಗೆ ಸಂಖ್ಯಾರೂಪದ ವಿಳಾಸ ಬೇಕು. ನಾಲ್ಕನೆಯ ಆವೃತ್ತಿಯ ನಿಯಮದಲ್ಲಿ ಅಂಥ ವಿಳಾಸಗಳು ಸುಮಾರು ೪೨೯ ಕೋಟಿ ಮಾತ್ರ. ೧೯೮೦ರ ದಶಕದಲ್ಲಿ ಅಮೆರಿಕದ ಜಾನ್ ಪೋಸ್ಟೆಲ್ ಮತ್ತು ಸಂಗಡಿಗರು ಇವುಗಳ ಲೆಕ್ಕವಿಡುತ್ತಿದ್ದರು. ಕೇಳಿದವರಿಗೆ ಬೆಲೆಯಿಲ್ಲದೆ, ಕರಾರುಪತ್ರವೂ ಇಲ್ಲದೆ ಹಂಚಿಕೆಯಾಯಿತು. ಕೆಲವು ಸಂಸ್ಥೆಗಳಿಗೆ ತಲಾ ೧ ಕೋಟಿ ೬೭ ಲಕ್ಷಕ್ಕೂ ಮೀರಿ ದೊರೆತವು. ನಮ್ಮಲ್ಲಿ ೧೯೮೬ರಲ್ಲಿ ಮೊದಲಾದ ಎರ್ನೆಟ್ ಜಾಲಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿತ್ತು. ಜನಸಾಮಾನ್ಯರಿಗೆ ಅಂತರ್ಜಾಲ ತೆರೆದುದು ೧೯೯೫ರ ಆಗಸ್ಟ್ ೧೫ರಂದು. ಅಷ್ಟರಲ್ಲಿ ದೊಡ್ಡ ಪಾಲುಗಳು ಹಂಚಿಹೋಗಿದ್ದವು. ೨೦೧೧ರ ಫೆಬ್ರವರಿ ೩ರಂದು ಕೇಂದ್ರ ಭಂಡಾರವೇ ಬರಿದಾಯಿತು.

ಅದೇ ವರ್ಷ ದಿವಾಳಿಯಾಗಿದ್ದ ನಾರ್ಟೆಲ್ ಕಂಪನಿಯು ೬,೬೬,೬೨೪ ವಿಳಾಸಗಳನ್ನು ಮೈಕ್ರೋಸಾಫ್ಟ್‌ಗೆ ೭೫ ಲಕ್ಷ ಡಾಲರಿಗೆ ಮಾರಿತು. ವಿಳಾಸವು ಆಸ್ತಿಯಲ್ಲ, ಬಳಕೆಯ ಹಕ್ಕು ಮಾತ್ರವೆಂಬುದು ೧೯೯೭ರಲ್ಲಿ ಸ್ಥಾಪಿತವಾದ ಅಮೆರಿಕದ ನೋಂದಣಿ ಸಂಸ್ಥೆ ಆರಿನ್‌ನ ನಿಲುವು. ಕೊನೆಗೆ ಕೊಂಡವರು ಆರಿನ್‌ನೊಡನೆ ಕರಾರು ಮಾಡಿಕೊಂಡರು. ನ್ಯಾಯಾಲಯವು ಮಾರಾಟವನ್ನು ಒಪ್ಪಿತು. ಹವ್ಯಾಸಿ ರೇಡಿಯೋ ಬಳಕೆಗೆಂದು ದೊರೆತಿದ್ದ ವಿಳಾಸಗಳಲ್ಲಿ ಕಾಲುಭಾಗವನ್ನು ೨೦೧೯ರಲ್ಲಿ ಅಮೆಜಾನ್‌ಗೆ ಮಾರಲಾಯಿತು. ಬಂದ ಹತ್ತು ಕೋಟಿ ಡಾಲರಿಗೂ ಮಿಗಿಲಾದ ಹಣ ಅನುದಾನಗಳಿಗೆ ಮೀಸಲಾಯಿತಾದರೂ, ಸರ್ವರ ಪಾಲನ್ನು ಕೆಲವರು ಮಾರಬಹುದೇ ಎಂಬ ಆಕ್ಷೇಪ ಹವ್ಯಾಸಿಗಳಲ್ಲಿಯೇ ಎದ್ದಿತು.

ಮಾರಾಟವೆಲ್ಲ ದೋಷವೆನ್ನಲಾಗದು. ಪಾಳುಬಿದ್ದ ವಿಳಾಸಗಳು ಅದರಿಂದ ಬೇಕಾದವರ ಕೈಸೇರಿದವು. ಆದರೆ ಭೇದವನ್ನು ಗಮನಿಸಬೇಕು. ನಮ್ಮ ನಾಡಿನ ಕಾಯ್ದೆ ಪರಭಾರೆಯನ್ನು ತಡೆದುದು ದುರ್ಬಲನ ಕೈಯಿಂದ ನೆಲ ಜಾರದಿರಲೆಂದು. ಇಲ್ಲಿಯೋ, ಮೊದಲು ಬಂದ ಬಲಿಷ್ಠರು ಉಚಿತವಾಗಿ ಪಡೆದುದನ್ನು ತಡವಾಗಿ ಬಂದವರು ಬೆಲೆ ತೆತ್ತು ಕೊಳ್ಳಬೇಕಾಯಿತು. ಬೆವರಿಲ್ಲದೆ ಬಂದುದಕ್ಕೆ ಬೆಲೆ ಕಟ್ಟುವ ಮುನ್ನ, ಅದು ನಮಗೆ ಯಾವ ಕಾರ್ಯಕ್ಕಾಗಿ ದತ್ತವಾಗಿತ್ತೆಂದು ಕೇಳಿಕೊಳ್ಳುವುದು ಹೊಲಕ್ಕೂ ಸಲ್ಲುತ್ತದೆ, ಸಂಖ್ಯೆಗೂ ಸಲ್ಲುತ್ತದೆ.