ಜರ್ಮನ್ ಡಬರಿ ಮೋಡಕಾಕ್ಕ ಹಾಕೂ ಮುಂಚೆ

ನಮ್ಮ ಬಾಗಲಕೋಟಿ ಕಡೆ ಹಿರೇ ಹೆಣ್ಮಕ್ಕಳಿಗೆ ಅಲ್ಯೂಮಿನಿಯಂ ಅಂದ್ರ ತಿಳಿಯೂದಿಲ್ಲ, ಜರ್ಮನ್ ಅಂದ್ರ ತಿಳೀತೈತಿ. ಜರ್ಮನ್ ಡಬರಿ, ಜರ್ಮನ್ ಬುಟ್ಟಿ, ಜರ್ಮನ್ ತಾಟು. ಮರಾಠಿ ಮಂದೀನೂ ಹಿಂಗ ಅಂತಾರ. ಇದಕ್ಕೂ ಜರ್ಮನ್ ಸಿಲ್ವರ್‌ಗೂ ಸಂಬಂಧ ಇಲ್ಲ. ಅದು ತಾಮ್ರ, ಸತು, ನಿಕ್ಕಲ್ ಕೂಡಿಸಿದ ಭಾರ ಲೋಹ. ನಮ್ಮ ಜರ್ಮನ್ ಅಂದ್ರ ಹಗುರಂದು, ಬಿದ್ರ ತಗ್ಗು ಬೀಳೂದು.

ದೀಪಾವಳಿ ಮುಂದ ಅಟ್ಟ ಜಾಡಿಸಿದಾಗೆಲ್ಲ ಇದರ ಒಂದು ರಾಶಿ ಕೆಳಗ ಇಳೀತೈತಿ. ತಳ ತೂತ ಬಿದ್ದ ಡಬರಿ, ಹಿಡಿಕಿ ಮುರಿದ ಕುಕ್ಕರ್, ಸೊಟ್ಟ ಆದ ಮುಚ್ಚಳ. ಆಗ ಪ್ರತಿ ಮನ್ಯಾಗ ಒಂದ ಮಾತು: ಇದನ್ನ ತಿಕ್ಕಿ, ಹಿಡಿಕಿ ಬಿಚ್ಚಿ ಕೊಡಬೇಕೋ, ಇದ್ದಂಗ ತೂಗಿಸಿ ಕೈತೊಳಕೋಬೇಕೋ? ಗುಜರಿ ರೊಕ್ಕ ಅಂದ್ರ ನಮ್ಮ ಕಡೆ ಮೊದಲಿಂದ ಹೆಣ್ಮಕ್ಕಳ ರೊಕ್ಕ, ಸಾಸಿವಿ ಡಬ್ಬಿಗೆ ಹೋಗೂದು. ಹಂಗಾಗಿ ಈ ಲೆಕ್ಕ ಸಣ್ಣದಲ್ಲ.

ಇದು ಒಂದು ಕಾಲಕ್ಕ ಬೆಳ್ಳಿಗಿಂತ ತುಟ್ಟಿ ಇತ್ತು ಅಂದ್ರ ನಂಬ್ತೀರೇನು? ಮಣ್ಣಿನ್ಯಾಗ ಬೇಕಾದಷ್ಟು ಐತಿ, ಆದ್ರ ಬಿಡಿಸಿ ತಗಿಯೂದು ಯಾರಿಗೂ ಗೊತ್ತಿರಲಿಲ್ಲ. 1886ರೊಳಗ ಅಮೆರಿಕಾದ ಚಾರ್ಲ್ಸ್ ಹಾಲ್ ಅನ್ನೂ 22 ವರ್ಷದ ಹುಡುಗ ಮನಿ ಹಿಂದಿನ ಕಟಗಿ ಕೋಣ್ಯಾಗ ಕರೆಂಟಿನಿಂದ ಇದನ್ನ ಬಿಡಿಸಿದ. ಅದ ವರ್ಷ ಫ್ರಾನ್ಸಿನ್ಯಾಗ ಎರೂ ಅನ್ನಾವನೂ ಬ್ಯಾರೆನ ಕಂಡುಹಿಡಿದ. ಹಾಲ್‌ನ ಅಕ್ಕ ಜೂಲಿಯಾ ಕೆಮಿಸ್ಟ್ರಿ ಓದಿದಾಕಿ, ತಮ್ಮನ ಕೆಲಸದಾಗ ಕೈಗೂಡಿಸಿದಾಕಿ. ಆಕಿ ಹೆಸರು ಯಾರ ಬಾಯಾಗೂ ಇಲ್ಲ, ಅದು ಬಿಡ್ರಿ. ಆಮ್ಯಾಲೆ ರೇಟು ಇಳೀತು, ಡಬರಿ ಬಂದೂ.

ನಮ್ಮ ದೇಶಕ್ಕ ಇದನ್ನ ತಂದವರೊಳಗ ದೊಡ್ಡ ಹೆಸರು ಆಲ್ಫ್ರೆಡ್ ಚಾಟರ್ಟನ್‌ದು. 1898ರೊಳಗ ಮದ್ರಾಸಿನ ಸ್ಕೂಲ್ ಆಫ್ ಆರ್ಟ್ಸ್‌ನ್ಯಾಗ ಅಲ್ಯೂಮಿನಿಯಂ ಪಾತ್ರೆ ಬಡಿಯೂ ಕೆಲಸ ಸುರು ಮಾಡಿಸಿದ. ಮುಂದ ಈತನ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕ ಆದ. ಹೆಣ್ಮಕ್ಕಳಿಗೆ ಇದು ಯಾಕ ಬಂಗಾರ ಆತು ಅಂದ್ರ, ಕಲಾಯಿ ಕಾಟ ತಪ್ಪಿತು. ತಾಮ್ರ ಹಿತ್ತಾಳಿಗೆ ಕಲಾಯಿ ಹೋದ್ರ ಹುಣಸಿಹುಳಿ ಸಾರು ಕಿಲುಬು ಹಿಡೀತಿತ್ತು. ಕಲಾಯಿಯವ ತಿದಿ, ನವಸಾಗರ, ತವರ ತಗೊಂಡು ಓಣಿಗೆ ಬರೂತನಕ ಕಾಯಬೇಕಾಗಿತ್ತು. ಜರ್ಮನ್‌ಗೆ ಅದ್ಯಾವದೂ ಬ್ಯಾಡ, ಹೊಲಕ್ಕ ಬುತ್ತಿ ಒಯ್ಯಾಕ ತಲಿಗೆ ಹಗುರ. ಹುಳಿ ಇದನ್ನೂ ತಿಂತೈತಿ ಅನ್ನೂದು ತೂತ ಬಿದ್ದಮ್ಯಾಲೆ ತಿಳೀತು. 1969ರ ಹೊತ್ತಿಗೆ ಬೆಳಗಾವಿಯೊಳಗ ಇಂಡಾಲ್ ಕಾರ್ಖಾನಿನ ಬಂತು. ಈಗ ಅದು ಹಿಂಡಾಲ್ಕೋ, ಅಲ್ಲಿ ತಯಾರಾಗೂದು ಅಲ್ಯೂಮಿನಾ ಪುಡಿ.

ಇನ್ನ ಕೊಡೂ ಮಾತಿಗೆ ಬರೂಣು. ಡಬರಿ ಕೊಟ್ಟ ಹೆಣ್ಮಕ್ಕಳ ದೊಡ್ಡ ಕತಿ ನಡದಿದ್ದು ಇಂಗ್ಲೆಂಡಿನ್ಯಾಗ, 1940ರ ಜುಲೈದಾಗ. ಯುದ್ಧದ ಹೊತ್ತು. ಲೇಡಿ ರೀಡಿಂಗ್ ರೇಡಿಯೋದಾಗ ಮನಿ ಮನಿ ಅಲ್ಯೂಮಿನಿಯಂ ಕೊಡ್ರಿ, ವಿಮಾನ ಆಗ್ತಾವ ಅಂತ ಕೇಳಿದ್ರು. ಮಂದಿ ಗುಡ್ಡ ಗುಡ್ಡ ತಂದು ಒಗದ್ರು. ಮರುವರ್ಷ ಅಮೆರಿಕಾದಾಗೂ ಹಂಗ ಆತು. ಆದ್ರ ಡಬರಿ ಕರಗಿಸಿದ್ದು ವಿಮಾನಕ್ಕ ಬೇಕಾದಷ್ಟು ಚೊಕ್ಕ ಇರಲಿಲ್ಲ, ಭಾಳಷ್ಟು ಬ್ಯಾರೆ ಕೆಲಸಕ್ಕ ಹೋತು.

ಯಾಕಂದ್ರ ಇಲ್ಲೇ ಗುಟ್ಟು ಐತಿ. ಹೊರಗಿನ ಮಸಿ, ಎಣ್ಣಿ ಜಿಡ್ಡು ಭಟ್ಟ್ಯಾಗ ಸುಟ್ಟು ಹೋಗ್ತೈತಿ, ಇಲ್ಲಾ ತೇಲಿ ಮ್ಯಾಲ ಬರ್ತೈತಿ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗ್ತೈತಿ. ಆದ್ರ ಕಬ್ಬಿಣದ ಸ್ಕ್ರೂ, ರಿವೆಟ್ ಒಳಗ ಉಳದ್ರ, ಕಬ್ಬಿಣ ಸಾವಕಾಶ ಅದರಾಗ ಕೂಡಿಕೊಂಡು ಬಿಡ್ತೈತಿ. ಒಮ್ಮಿ ಕೂಡಿದ್ಮ್ಯಾಲೆ ಬಿಡಿಸೂದು ಭಾಳ ತ್ರಾಸು, ಮಾಲು ಬಿರುಸಾಗಿ ಪಟ್ಟಂತ ಮುರೀತೈತಿ. ಅದಕ್ಕ ಮೋಡಕಾದವ ಮಸಿ ನೋಡೂದಿಲ್ಲ, ಸ್ಕ್ರೂ ನೋಡ್ತಾನ. ನಾವು ಬೂದಿ ಹಚ್ಚಿ ಅರ್ಧ ದಿನ ತಿಕ್ಕೂದು ಅಂವಗ ಒಂದು ಪೈಸಾದ ಉಪಯೋಗ ಇಲ್ಲ, ನೀರೂ ದಂಡ. ಒಳಗಿನ ಅನ್ನದ ಹಕ್ಕಳಿ ಅಷ್ಟ ಕೆರದು ತಗದ್ರ ಸಾಕು.

ಲೆಕ್ಕಕ್ಕ ಹಿಡಿಯೂಣು, ಕೂಡಿದ ಮಾಲಿಗೆ ಕಿಲೋಕ್ಕ 100, ಚೊಕ್ಕ ಮಾಲಿಗೆ 130. (ಇದು ಬರೇ ಲೆಕ್ಕದ ರೇಟು, ನಿಮ್ಮ ಊರಾಗ ಕೇಳಿ ನೋಡ್ರಿ.) ಎರಡು ಕಿಲೋದ ಒಂದ ಕುಕ್ಕರ್ ಇದ್ದಂಗ ಕೊಟ್ರ 200. ಹಿಡಿಕಿ, ರಬ್ಬರ್, ಸ್ಕ್ರೂ ತಗದ್ರ 1.7 ಕಿಲೋ ಉಳೀತು ಅನ್ನೂಣು, 221 ಬರ್ತೈತಿ. 21 ರೂಪಾಯಿಗೆ ಸ್ಕ್ರೂಡ್ರೈವರ್ ಹುಡುಕೂದು ಯಾವ ಶಾಣ್ಯಾತನ? ಅದ 20 ಕಿಲೋ ರಾಶಿ ಇದ್ದು, ಹಂಗ ಬಿಡಿಸಿ 18 ಕಿಲೋ ಉಳದ್ರ, 2000 ಬದಲಿ 2340. ಆಗ ಒಂದು ಮಧ್ಯಾಹ್ನ ಕುಂದ್ರಾಕ ಅಡ್ಡಿಯಿಲ್ಲ. ಇಳಕಲ್ಲ, ಗುಳೇದಗುಡ್ಡದಾಗ ಮನ್ಯಾಗ ಕುಂತು ಕಂಡಕಿ ಸುತ್ತೂ ಹೆಣ್ಮಕ್ಕಳಿಗೆ ಈ ಲೆಕ್ಕ ನಾ ಹೇಳೂದು ಬ್ಯಾಡ. ತಾಸಿಗೆ ಎಷ್ಟು ಬೀಳ್ತೈತಿ ಅನ್ನೂದು ಅವರ ಬೆರಳಿಗೆ ಗೊತ್ತಿರ್ತೈತಿ. ನಾ ಅನ್ನೂದಂದ್ರ, ಒಂದ ಮನೀದು ಬಿಡಿಸಬ್ಯಾಡ್ರಿ, ನಾಕು ಮನೀದು ಕೂಡಿಸಿ ಬಿಡಿಸ್ರಿ.

ಹಳೇ ಬಾಗಲಕೋಟಿ ನೀರಾಗ ಹೋಗೂ ಹೊತ್ತಿನ್ಯಾಗ ಹಿಂಗ ಮಾಡಾಕ ಪುರಸೊತ್ತ ಇರಲಿಲ್ಲ. 1964ರೊಳಗ ಆಲಮಟ್ಟಿಗೆ ಅಡಿಗಲ್ಲು ಬಿದ್ದು, ನೀರು ಊರಿಗೆ ಬರೂತನಕ ಮೂವತ್ತಕ್ಕೂ ಹೆಚ್ಚು ವರ್ಷ ಆದ್ರೂ, ನವನಗರಕ್ಕ ಗಾಡಿ ಹೇರೂ ದಿನ ಬಂದಾಗ ಎಲ್ಲಾ ಗಡಿಬಿಡಿ. ನಮ್ಮ ಹಿರೇರು ಹೇಳ್ತಾರ, ಬಾಗಲಾ, ತೊಲಿ, ತಾಮ್ರದ ಹಂಡೆ ಗಾಡಿ ಏರಿದ್ವು, ಹೆಸರು ಕೆತ್ತಿಸಿದ ಹಿತ್ತಾಳಿ ಕೊಡ ಏರಿದ್ವು. ಜರ್ಮನ್ ಅಷ್ಟೂ ಗುತ್ತಿಗೆ ಮಾತಾಡಿ, ತೂಕಾನೂ ಮಾಡದ ಕೊಟ್ಟು ಬಿಟ್ರಂತ. ತೂಗದ ಕೊಟ್ಟಿದ್ದರೊಳಗ ಎಷ್ಟು ಹೋತು ಅನ್ನೂದು ಯಾರಿಗೆ ಗೊತ್ತು.

ಬಿಡಿಸೂ ಮುಂದ ಒಂದು ಸಣ್ಣ ಅಯಸ್ಕಾಂತ ಇಟ್ಕೋರಿ, ಹಳೇ ಸ್ಪೀಕರಿಂದು ಆದ್ರೂ ನಡೀತೈತಿ. ಅಂಟಿದ್ದೆಲ್ಲಾ ಕಬ್ಬಿಣದ ಚೀಲಕ್ಕ. ಸ್ಟೀಲ್ ಕೆಲವೊಮ್ಮೆ ಅಂಟೂದಿಲ್ಲ, ಅದನ್ನ ಕೈಯಾಗ ಹಿಡದು ನೋಡ್ರಿ, ಅಷ್ಟ ಗಾತ್ರಕ್ಕ ಹೆಚ್ಚುಕಡಿಮಿ ಮೂರುಪಟ್ಟು ಭಾರ ಇರ್ತೈತಿ. ಕರೇ ಹಿಡಿಕಿ ಬರಲಿಲ್ಲಂತ ಒಲಿಗೆ ಹಿಡಿಯಬ್ಯಾಡ್ರಿ, ಆ ಹೊಗಿ ಕೆಟ್ಟದ್ದು, ಹಂಗ ಬ್ಯಾರೆ ಇಟ್ಟು ಕೊಡ್ರಿ. ತವಾದ ಕರೇ ಲೇಪಾನೂ ಕೆರೀಬ್ಯಾಡ್ರಿ. ಕುಕ್ಕರಿನ ಶಿಳ್ಳಿ ಮಾತ್ರ ತಗದು ಇಟ್ಕೋರಿ, ಅದ ಕಂಪನಿ ಕುಕ್ಕರ್ ಇದ್ದ ಬಾಜೂ ಮನಿಯಾಕಿ ಒಂದಿಲ್ಲೊಂದ ದಿನ ಕೇಳಕೋತ ಬರ್ತಾಳ.