ಪಾಸ್‌ವರ್ಡ್ ಕಾವಲು ಬೆಳೆದ ಬಗೆ

ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವ ಸಿಟಿಎಸ್‌ಎಸ್ ವ್ಯವಸ್ಥೆ ಅಮೆರಿಕದ ಎಂಐಟಿಯಲ್ಲಿ 1961ರಲ್ಲಿ ಮೊದಲು ಪ್ರದರ್ಶನಗೊಂಡಿತು. ಪ್ರತಿಯೊಬ್ಬರ ಕಡತಗಳನ್ನು ಪ್ರತ್ಯೇಕವಾಗಿಡಲು ಫರ್ನಾಂಡೊ ಕೊರ್ಬಾಟೊ ಅವರ ತಂಡ ಅದರಲ್ಲಿ ಪಾಸ್‌ವರ್ಡ್ ಅಳವಡಿಸಿತು. ಆದರೆ ಎಲ್ಲರ ಪಾಸ್‌ವರ್ಡ್‌ಗಳೂ ಯಾವ ಮರೆಯೂ ಇಲ್ಲದೆ ಒಂದೇ ಕಡತದಲ್ಲಿದ್ದವು. 1962ರಲ್ಲಿ ಸಂಶೋಧಕ ಅಲನ್ ಶೆರ್ ಹೆಚ್ಚಿನ ಯಂತ್ರಸಮಯಕ್ಕಾಗಿ ಆ ಕಡತವನ್ನೇ ಮುದ್ರಿಸಿಕೊಂಡರು.

ಯುನಿಕ್ಸ್‌ನಲ್ಲಿ ಪಾಸ್‌ವರ್ಡ್‌ನ ಬದಲು, ಹಿಂದಕ್ಕೆ ಬಿಡಿಸಲಾಗದ ಅದರ ಗೂಢರೂಪವನ್ನು ಉಳಿಸುವ ಪದ್ಧತಿ ಬಂತು. ಅದಕ್ಕೆ ಯಾದೃಚ್ಛಿಕವಾದ 12 ಬಿಟ್‌ಗಳ ‘ಸಾಲ್ಟ್’ ಬೆರೆಸುವ ಕ್ರಮವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಪ್ರಬಂಧದಲ್ಲಿ ವಿವರಿಸಿದರು. ಇದರಿಂದ ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ದಾಖಲೆಯಲ್ಲಿ ಸಾಮಾನ್ಯವಾಗಿ ಬೇರೆಬೇರೆಯಾಗಿ ಕಾಣುತ್ತಿತ್ತು.

ದೂರದ ಸರ್ವರ್‌ಗೆ ಟೆಲ್ನೆಟ್ ಮೂಲಕ ಹೋಗುವ ಪಾಸ್‌ವರ್ಡ್ ಮಾತ್ರ ದಾರಿಯಲ್ಲಿ ಬಯಲಾಗಿಯೇ ಸಾಗುತ್ತಿತ್ತು. ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಇಂಥ ಕದ್ದಾಲಿಕೆ ನಡೆದ ಬಳಿಕ, 1995ರಲ್ಲಿ ಟಾಟು ಯ್ಲೋನೆನ್ ಎಸ್‌ಎಸ್‌ಎಚ್ ರೂಪಿಸಿದರು. ಅದು ಸಂಪರ್ಕವನ್ನೇ ಗೂಢಲಿಪೀಕರಿಸಿ, ಪಾಸ್‌ವರ್ಡ್‌ಗೆ ಬದಲಾಗಿ ಕೀಲಿಜೋಡಿಯನ್ನು ಬಳಸಲೂ ದಾರಿ ಮಾಡಿತು.